ಹಳದಿ ಗೆರೆಯ ಖೋಲಿ

ಪಾಲಿಕೆ ಕಚೇರಿಯ ಮೊದಲ ಮಹಡಿಯಲ್ಲಿ, ಕಟ್ಟಡ ಪರವಾನಗಿ ಕೊಡುವ ಕೋಣೆಯ ಎದುರು ಒಂದು ಮರದ ಬೆಂಚಿತ್ತು. ಅದರ ಒಂದು ಕಾಲು ಗಿಡ್ಡ. ಎಡಗಡೆ ಕೂತರೆ ಬೆಂಚು ವಾಲುತ್ತಿತ್ತು, ಬಲಗಡೆ ಕೂತರೆ ಒಳಗಿನ ಸಾಹೇಬರ ಕುರ್ಚಿ ಕಾಣುತ್ತಿರಲಿಲ್ಲ. ಎರಡು ವರ್ಷ ನಾನು ಎಡಗಡೆಯೇ ಕೂತೆ. ಕುರ್ಚಿ ಖಾಲಿ ಇದೆ ಎಂಬುದನ್ನಾದರೂ ಕಣ್ಣಾರೆ ನೋಡಬಹುದಿತ್ತು.

ನನ್ನಪ್ಪ ಗವಂಡಿ. ವಿಜಯಪುರದ ಕಡೆಯಿಂದ ಗೋವಾಕ್ಕೆ ಬಂದು, ಚಿಂಬಲ್‌ನ ಬಾಡಿಗೆ ಖೋಲಿಯಲ್ಲಿ ನಮ್ಮನ್ನು ಸಾಕಿ, ಫೋಂಡಾದಿಂದ ಬಂದರಿನ ತನಕ ಮಂದಿಯ ಮನೆ ಕಟ್ಟುತ್ತಲೇ ತಲೆ ಬೆಳ್ಳಗಾದವನು. ಅಂತೂ ಒಂದು ಸಣ್ಣ ಊರಿನ ಅಂಚಿನಲ್ಲಿ ನಮಗೂ ಚೂರು ಜಾಗವಾಯಿತು. ಕೆಳಗೆ ನಾವಿರುವುದು, ಮೇಲೆ ನಾಲ್ಕು ಖೋಲಿ ಕಟ್ಟಿ ಬಾಡಿಗೆಗೆ ಕೊಡುವುದು ಎಂದು ಮಾತಾಯಿತು. ಅಪ್ಪನದು ಒಂದೇ ಹಟ.

“ನನ್ನ ಮನಿ ಗ್ವಾಡಿ ನಾನ ಕಟ್ಟತೇನಿ. ಬ್ಯಾರೆ ಗವಂಡಿ ಒಂದ ಕಲ್ಲೂ ಮುಟ್ಟಬಾರ್ದು.”

ನಾನಾಗ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಬಿಲ್ ಬರೆಯುತ್ತಿದ್ದೆ. ಕೊಂಕಣಿ ಬಾಯಿಗೆ ಬರುತ್ತಿತ್ತು, ಇಂಗ್ಲಿಷ್ ಅರ್ಜಿ ಓದಲು ಬರುತ್ತಿತ್ತು. ಇಷ್ಟು ಸಾಕಾಯಿತು, ನಕ್ಷೆ ಮಂಜೂರಿಯ ಇಡೀ ಗಂಟು ನನ್ನ ತಲೆಗೇ ಬಂತು. ಎಂಜಿನಿಯರರ ಕಡೆ ನಕ್ಷೆ ಬರೆಸಿದೆ, ಜಾಗ ಯಾರ ಹೆಸರಲ್ಲಿದೆ ಎಂಬ ದಾಖಲೆಯ ಉತಾರ ತಂದೆ, ಏಳು ಪ್ರತಿ ಮಾಡಿಸಿ ಕೊಟ್ಟೆ. ಜಾಗ ನೋಡಲು ಓವರ್‌ಸಿಯರ್ ಬರುತ್ತಾರೆ, ಕಾಯಿರಿ ಎಂದರು.

ಕಾಯುವುದು ಅಪ್ಪನಿಗೆ ಗೊತ್ತಿಲ್ಲದ ಕೆಲಸ. ಗವಂಡಿಗಳು ಯಾವ ಜಾಗಕ್ಕೆ ಹೋದರೂ ಮೊದಲು ನೀರಿನ ಟಾಕಿ, ಸಿಮೆಂಟ್ ಇಡಲು ಒಂದು ಖೋಲಿ ಎಬ್ಬಿಸುತ್ತಾರೆ. ಆಮೇಲೆಯೇ ಪಾಯದ ಮಾತು. ಮಂದಿಯ ಕೆಲಸದಲ್ಲಿ ಅದನ್ನು ಹೇಗೋ ಕಲ್ಲು ಪೇರಿಸಿ, ಮೇಲೆ ತಗಡು ಹೊಚ್ಚಿ ಮುಗಿಸುವುದು ರೂಢಿ. ಅಪ್ಪ ಹಾಗೆ ಮಾಡಲಿಲ್ಲ. ರವಿವಾರ ರವಿವಾರ ಹೋಗಿ, ಆರಿಸಿ ತಂದ ಚಿರೇಕಲ್ಲು ಕೂಡಿಸಿ, ದಾರ ಹಿಡಿದು, ಗೋಡೆ ನೆಟ್ಟಗಿದೆಯೇ ಎಂದು ಒಳಂಬದ ಗುಂಡು ಇಳಿಬಿಟ್ಟು, ಒಂದು ಕಿಟಕಿ ಸಮೇತ ಖೋಲಿ ಕಟ್ಟಿದ. ಅದು ಬೇಡ ಎನ್ನಲು ನನಗೂ ಹೊಳೆಯಲಿಲ್ಲ. ನಾನೂ ಗವಂಡಿಯ ಮಗಳೇ ತಾನೆ.

ಒಂದು ಸಂಜೆ ಅಂಗಡಿಯಿಂದ ಬಂದಾಗ ಅಪ್ಪನ ಮುಖ ಅರಳಿತ್ತು.

“ಓವರ್‌ಸಿಯರ್ ಸಾಹೇಬ್ರು ಬಂದಿದ್ರವ್ವಾ. ಖೋಲಿ ಸುತ್ತ ಹಾಕಿ ನೋಡಿ, ಯಾರು ಕಟ್ಟ್ಯಾರಂತ ಕೇಳಿದ್ರು. ನಾನ ಕಟ್ಟೇನ್ರಿ ಅಂದೆ. ನನ್ನ ಹೆಸರ ಬರಕೊಂಡ ಹೋದ್ರು.”

 ಹದಿನೈದು ದಿನಕ್ಕೆ ನೋಟಿಸು ಬಂತು. ಪರವಾನಗಿ ಇಲ್ಲದೆ ಕೆಲಸ ಶುರು ಮಾಡಿದ್ದೀರಿ, ತೆರವು ಮಾಡಿ, ಫೋಟೋ ತೆಗೆಸಿ, ತಿದ್ದಿದ ನಕ್ಷೆ ಕೊಡಿ. ಫೈಲು ನಮ್ಮ ಕೈಗೇ ವಾಪಸ್. ನನಗೆ ಅಪ್ಪನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಆತ ತಾನೇ ಹಾರೆ ತಗೊಂಡು ಹೊರಟ. ಕೂಲಿಯವರನ್ನು ಕರೆಯೋಣ ಎಂದರೆ ಕೇಳಲಿಲ್ಲ. ಗೋಡೆ ಗಟ್ಟಿಯಾಗಿತ್ತು, ಬೀಳಲು ಮಧ್ಯಾಹ್ನವಾಯಿತು. ನಾನು ಫೋಟೋದವನನ್ನು ಕರೆದುಕೊಂಡು ಹೋದಾಗ ಅಪ್ಪ ಒಡೆಯದೆ ಉಳಿದ ಕಲ್ಲುಗಳನ್ನು ಒಂದು ಕಡೆ ಒಟ್ಟುತ್ತಿದ್ದ.

ಎಂಜಿನಿಯರರು ನಕ್ಷೆ ತಿದ್ದಿದರು. ಕಟ್ಟಬೇಕಾದದ್ದಕ್ಕೆ ಕೆಂಪು ಗೆರೆ, ಕೆಡವುವಂಥದ್ದಕ್ಕೆ ಹಳದಿ ಗೆರೆ ಎಂದು ನನಗೆ ತಿಳಿಸಿ ಹೇಳಿದರು. ಅಪ್ಪನ ಖೋಲಿ ಮೂಲೆಯಲ್ಲಿ ಹಳದಿಯಾಗಿ ಕೂತಿತು.

ಮತ್ತೆ ಬೆಂಚು. ಸಾಹೇಬರು ರಜೆ, ಸಾಹೇಬರು ಮೀಟಿಂಗು, ಸಾಹೇಬರ ವರ್ಗ, ಹೊಸ ಸಾಹೇಬರಿಗೆ ಫೈಲು ಹೊಸದು. ಆರೋಗ್ಯ ಖಾತೆಯವರ ಕಾಗದ ಬೇಕೆಂದರು. ಅದನ್ನು ತರುವಷ್ಟರಲ್ಲಿ ಮೊದಲು ತಂದ ಉತಾರ ಹಳೆಯದಾಯಿತು. ಗುಮಾಸ್ತ ಕೆಟ್ಟವನೇನಲ್ಲ, ನಗುತ್ತಲೇ “ಫಾಲ್ಯಾಂ ಯೋ” ಎನ್ನುತ್ತಿದ್ದ. ನಾಳೆ ಬಾ ಎಂಬುದನ್ನು ಅಷ್ಟು ಮೆತ್ತಗೆ ಹೇಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅರ್ಧ ದಿನದ ರಜೆ ಕೇಳೀ ಕೇಳೀ ಅಂಗಡಿಯ ಮಾಲೀಕರಿಗೆ ನನ್ನ ಮುಖವೇ ಬೇಡವಾಗಿತ್ತು.

ಎರಡನೆಯ ಮಳೆಗಾಲದಲ್ಲಿ ಅಪ್ಪ ಚಹಾದ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿಯುವುದನ್ನು ಕಂಡೆ. ಕೇಳಿದರೆ ಥಂಡಿ ಎಂದ. ಒಂದು ದಿನ ಕೆಲಸದಿಂದ ನಡುಮಧ್ಯಾಹ್ನವೇ ಬಂದ. ಗಾರೆ ಹಾಕುವ ಕರಣಿ ಕೈಯಿಂದ ಜಾರಿ ಕೆಳಗೆ ನಿಂತವನ ಪಕ್ಕದಲ್ಲೇ ಬಿತ್ತಂತೆ, ಗುತ್ತಿಗೆದಾರ ಮನೆಗೆ ಹೋಗು ಎಂದನಂತೆ. ಡಾಕ್ಟರರು ಕುತ್ತಿಗೆಯ ನರ ಸವೆದಿದೆ, ಭಾರ ಎತ್ತಬೇಡಿ, ಹಿಡಿತ ಮೊದಲಿನಂತೆ ಆಗುವುದು ಕಷ್ಟ ಎಂದರು. “ಸ್ವಲ್ಪ ದಿನಾ ಅಷ್ಟ ರೀ, ನನ್ನ ಮನೀದೊಂದ ಕೆಲಸ ಐತಿ,” ಎಂದ ಅಪ್ಪ. ಅವರು ಚೀಟಿ ಬರೆಯುತ್ತಿದ್ದರು.

ಮರುದಿನ ಕಚೇರಿಯಲ್ಲಿ ಕಿರುಚಾಡಿದೆ. ಅಪ್ಪನ ಕೈ ಹೋಗುತ್ತಿದೆ, ನಿಮ್ಮ ಸಹಿ ಯಾವಾಗ ಬೀಳುತ್ತದೆ ಎಂದು ಕೊಂಕಣಿ, ಹಿಂದಿ, ಕನ್ನಡ ಬೆರೆಸಿ ಕೂಗಿದೆ. ಗುಮಾಸ್ತ ಎದ್ದು ಬಂದು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟ. ನಾಳೆ ಬಾ ಎಂದ.

ಪರವಾನಗಿ ದೀಪಾವಳಿ ಕಳೆದ ಮೇಲೆ ಬಂತು. ಸಿಕ್ಕ ಮೇಲೆ ಕುಣಿಯಬೇಕು ಎಂದುಕೊಂಡಿದ್ದೆ, ಬಸ್ಸಿನಲ್ಲಿ ನಿದ್ದೆ ಬಂದುಬಿಟ್ಟಿತು. ಮನೆಯಲ್ಲಿ ಅಪ್ಪ ನಕ್ಷೆಯನ್ನು ನೆಲದ ಮೇಲೆ ಹರವಿ, ಮೂಲೆಗಳಿಗೆ ತನ್ನ ಕರಣಿ, ಒಳಂಬಗಳನ್ನೇ ಹೇರಿಟ್ಟ. ನಕ್ಷೆ ಓದುವುದರಲ್ಲಿ ಆತ ಯಾವ ಎಂಜಿನಿಯರರಿಗೂ ಕಮ್ಮಿಯಲ್ಲ. ಕೆಂಪು ಗೆರೆಗಳ ಮೇಲೆ ಬೆರಳಾಡಿಸುತ್ತ ಪಡಸಾಲೆ, ಅಡುಗೆಮನೆ, ಮೆಟ್ಟಿಲು ದಾಟಿ ಮೂಲೆಗೆ ಬಂದ. 

“ಈ ಹಳದಿ ಏನವ್ವಾ?”

“ನೀ ಕಟ್ಟಿದ್ದ ಖೋಲಿ, ಅಪ್ಪಾ. ಒಡದದ್ದಕ್ಕ ಹಳದಿ ಹಾಕತಾರಂತ.”

“ಅಳತಿ ಬರೋಬ್ಬರಿ ಹಾಕ್ಯಾರ,” ಎಂದು ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಕರಣಿಯನ್ನು ನಕ್ಷೆಯ ಮೇಲಿಂದ ತೆಗೆದು, ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಇಟ್ಟ.

“ಚಲೋ ಗವಂಡಿ ಒಬ್ಬನ್ನ ನೋಡವ್ವಾ,” ಎಂದ.