ಸೊಪ್ಪಿನ ಶೆಡ್ಡಿನಲ್ಲಿ ಸಿನಿಮಾದ ಗ್ರೇಡು

ಗೂಡ್ಸ್ ಆಟೋ ಹುಣಸೂರಿನ ದಾರಿಯಲ್ಲಿ ಪಂಕ್ಚರ್ ಆಗಬಹುದಿತ್ತು. ಹಿಂದೆ ಕೂತ ಹೆಂಗಸರಲ್ಲಿ ಒಬ್ಬರಿಗೆ ವಾಂತಿ ಬಂದು, ಅದನ್ನು ಕಂಡು ಉಳಿದವರಿಗೂ ಬರಬಹುದಿತ್ತು. ನಾವು ಹೋಗುವಷ್ಟರಲ್ಲಿ ಆ ಸಿನಿಮಾವನ್ನು ಎತ್ತಿಹಾಕಿ ಬೇರೆ ಯಾವುದೋ ಹಾಕಿರಬಹುದಿತ್ತು. ಎತ್ತದೇ ಇದ್ದರೂ, ಜನ ಸೇರಿಲ್ಲ, ಆಟ ಇಲ್ಲ ಎಂದು ಟಾಕೀಸಿನವನು ಗೇಟಿನಲ್ಲೇ ವಾಪಸ್ ಕಳಿಸಬಹುದಿತ್ತು. ನಡುವೆ ಕರೆಂಟು ಹೋಗಬಹುದಿತ್ತು. ಇತ್ತ ಊರಲ್ಲಿ ಅಕಾಲದ ಮಳೆ ಬಂದು, ಶೆಡ್ಡಿನ ಶೀಟಿನ ತೂತಿನಿಂದ ನೀರಿಳಿದು, ಜೋಡಿಸಿಟ್ಟ ಹೊಗೆಸೊಪ್ಪು ನೆನೆಯಬಹುದಿತ್ತು. ಮಳೆ ಬಾರದಿದ್ದರೆ ಬಿಸಿಲು ಚುರುಕಾಗಿ ಅದೇ ಸೊಪ್ಪು ಮುಟ್ಟಿದರೆ ಪುಡಿಯಾಗುವಷ್ಟು ಒಣಗಬಹುದಿತ್ತು. ಬೆಳಗ್ಗೆ ತಿನ್ನಲಿದ್ದ ಉಪ್ಪಿಟ್ಟು ನನ್ನ ಹೊಟ್ಟೆಯಲ್ಲಿ ಕೈಕೊಟ್ಟು, ಆ ಟಾಕೀಸಿನ ಕಕ್ಕಸಿಗೆ ಹೋಗುವ ಗತಿ ನನಗೆ ಬರಬಹುದಿತ್ತು. ಎಲ್ಲಕ್ಕಿಂತ ದೊಡ್ಡದು: ನಾವು ಯಾವ ದೃಶ್ಯ ನೋಡಲು ಹೊರಟಿದ್ದೆವೋ ಅದನ್ನೇ ಅವರು ಕತ್ತರಿಸಿ ಬಿಸಾಕಿರಬಹುದಿತ್ತು.

ಇದನ್ನೆಲ್ಲ ಆ ಭಾನುವಾರ ಬೆಳಗ್ಗೆ ಹಲ್ಲುಜ್ಜುತ್ತಾ ಹೆಂಡತಿಯ ಮುಂದೆ ಒಪ್ಪಿಸಿದೆ. ಅವಳು, "ನೀವು ಹುಟ್ಟಿದಾಗ್ಲೂ ಅಳೋಕ್ ಮುಂಚೆ ಯೋಚ್ನೆ ಮಾಡಿರ್ತೀರಿ ಕಣ್ರೀ. ಬಾಯಿ ಮುಕ್ಕಳಿಸಿ ಹೊರಡಿ," ಅಂದಳು.

ನಮ್ಮದು ಪಿರಿಯಾಪಟ್ಟಣದ ಕಡೆಯ ಊರು. ಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಬೆಂಕಿ ಆರಿದ ಮೇಲೆ ಗ್ರೇಡ್ ಮಾಡುವ ಕೆಲಸ ಶುರುವಾಗುತ್ತದೆ. ರಾಶಿಯ ಸುತ್ತ ಕೂತು ಒಂದೊಂದೇ ಎಲೆ ಎತ್ತಿ ಬೆಳಕಿಗೆ ಹಿಡಿದು, ಇದು ಬ್ರೈಟು, ಇದು ಮೀಡಿಯಮ್ಮು, ಇದು ಕಪ್ಪು, ಇದು ಪುಡಿ ಎಂದು ಬೇರೆ ಬೇರೆ ಹಾಕಬೇಕು. ಕೈಗೆ ಕೆಲಸ, ಬಾಯಿಗೆ ಬಿಡುವು. ಹಾಗಾಗಿ ನಮ್ಮ ಶೆಡ್ಡಿನಲ್ಲಿ ಸಿನಿಮಾಗಳಿಗೂ ಇದೇ ಲೆಕ್ಕದಲ್ಲಿ ಗ್ರೇಡು ಬೀಳುತ್ತದೆ. ನೋಡಿ ಬಂದವರು ಕತೆ ಹೇಳಬಾರದು, ಗ್ರೇಡು ಹೇಳಿ ಯಾಕೆಂದು ಹೇಳಬೇಕು. ಮೊದಲಿಂದ ಕೊನೆವರೆಗೆ ಸೊಸೆ ಅಳುವ ಒಂದು ಸಿನಿಮಾಕ್ಕೆ ನನ್ನ ಹೆಂಡತಿ, "ಮೀಡಿಯಮ್ಮು. ತೇವ ಜಾಸ್ತಿ ಆಗದೆ. ಇಂಗೇ ಬೇಲ್ ಕಟ್ಟಿದ್ರೆ ಬೂಷ್ಟು ಬತ್ತದೆ," ಎಂದು ತೀರ್ಪು ಕೊಟ್ಟಿದ್ದಳು. ಮಚ್ಚು ಲಾಂಗುಗಳ ಇನ್ನೊಂದಕ್ಕೆ, "ಬೆಂಕಿ ಜಾಸ್ತಿ ಕೊಟ್ಟು ಸುಟ್ಟಾಕವ್ರೆ. ಕಪ್ಪು," ಎಂದಾಗಿತ್ತು. ಬ್ರೈಟ್ ಅನ್ನಿಸಿಕೊಂಡ ಸಿನಿಮಾ ಈಚೆಗೆ ಒಂದೂ ನನಗೆ ನೆನಪಿಲ್ಲ.

ಗ್ರೇಡಿಂಗ್ ಕಾಲಕ್ಕೆ ಎಚ್.ಡಿ. ಕೋಟೆಯ ಕಡೆಯಿಂದ, ಬೇಗೂರಿನ ಆಚೆಯ ಕಾಡಂಚಿನ ಒಂದು ಆದಿವಾಸಿ ಹಾಡಿಯಿಂದ, ಇಬ್ಬರು ಹೆಂಗಸರು ಪ್ರತಿವರ್ಷ ಕೆಲಸಕ್ಕೆ ಬಂದು ನಮ್ಮಲ್ಲೇ ಉಳಿಯುತ್ತಾರೆ. ಒಬ್ಬಳು ಇನ್ನೊಬ್ಬಳ ಅಣ್ಣನ ಹೆಂಡತಿ. ಶೆಡ್ಡಿನಲ್ಲಿ ಎಲ್ಲರೂ ಅವರನ್ನು ಅತ್ತಿಗೆ, ನಾದಿನಿ ಎಂದೇ ಕರೆಯುವುದರಿಂದ ನಾನೂ ಹಾಗೇ ಬರೆಯುತ್ತೇನೆ. ನಾವು ನೋಡಲು ಹೊರಟಿದ್ದು ಅತ್ತಿಗೆ ಮಾತಾಡಿದ ಸಿನಿಮಾ.

ಹಿಂದಿನ ವರ್ಷ ಕಾಕನಕೋಟೆಯ ಕಡೆ ಶೂಟಿಂಗಿಗೆ ಬಂದವರು ಇವರ ಹಾಡಿಯ ಪಕ್ಕದ ಹೊಲದಲ್ಲಿ ಬಿಡಾರ ಹೂಡಿದ್ದರಂತೆ. ಹಾಡಿಯ ಗಂಡಸರ ಪ್ಯಾಂಟು ಶರ್ಟು ಬಿಚ್ಚಿಸಿ, ಮೈಗೆ ಮಸಿ ಬಳಿದು, ಸೊಂಟಕ್ಕೆ ಸೊಪ್ಪು ಕಟ್ಟಿಸಿ ಓಡಾಡಿಸಿದರಂತೆ. ಅತ್ತಿಗೆಯನ್ನು ಮಾತ್ರ ಅವಳ ಸೀರೆಯಲ್ಲೇ ಗುಡಿಸಲ ಮುಂದೆ ನಿಲ್ಲಿಸಿ, ಟೋಪಿ ಹಾಕಿದ ಒಬ್ಬಾತ, "ಹೀರೋ ಸುಸ್ತಾಗಿ ಬರ್ತಾರೆ. ನಿಮ್ಮ ಮನೆ ಮುಂದೆ ಸಂಜೆ ಯಾರಾದ್ರೂ ಬಂದ್ರೆ ಏನಂತೀರೋ ಅದನ್ನೇ ಅನ್ನಿ," ಅಂದನಂತೆ. ಅವಳು ಚೊಂಬು ಚಾಚಿ, "ಒತ್ತಾಯ್ತು ಕಣಪ್ಪ, ನೀರ್ ಕುಡ್ದು ಓಗು," ಅಂದಳಂತೆ. ಆತ ಚಪ್ಪಾಳೆ ತಟ್ಟಿದನಂತೆ. ಉಳಿದವರನ್ನೆಲ್ಲ ದೂರದಲ್ಲಿ ಅಡ್ಡ ಹಗ್ಗ ಕಟ್ಟಿ ನಿಲ್ಲಿಸಿದ್ದರಿಂದ ಅವಳ ಮಾತು ಹಾಡಿಯ ಒಬ್ಬರ ಕಿವಿಗೂ ಬಿದ್ದಿರಲಿಲ್ಲ. ಅಲ್ಲಿಂದ ಶುರು. ಎದ್ದರೆ ಕೂತರೆ ಅವಳನ್ನು "ಸಿನ್ಮಾದೋಳು" ಎಂದು ಕಿಚಾಯಿಸುವುದು, ಇವಳು "ಬರ್ಲಿ ತಡೀರಿ, ಆಮೇಲೆ ಮಾತಾಡುವ್ರಂತೆ" ಅನ್ನುವುದು. ಅತ್ತೆಯಂತೂ, ಅಂದರೆ ನಾದಿನಿಯ ತಾಯಿ, ಸೊಸೆಯ ಮುಖದ ಮೇಲೇ ಹೇಳಿಬಿಟ್ಟಿದ್ದಳಂತೆ: "ಸುಮ್ಕೆ ಬಾಯಿ ಆಡ್ಸಿ ಬಂದು ಮಾತಾಡ್ದೆ ಅಂತೀಯೆ. ನನ್ ಮಗಳು ಕಣ್ಣಲ್ಲಿ ನೋಡಿ ಕಿವೀಲಿ ಕೇಳಿ ಯೋಳ್ಲಿ, ಆಗ ನಂಬ್ತೀನಿ."

ಸುಳ್ಳಿ ಅನ್ನಿಸಿಕೊಂಡು ಒಂದು ವರ್ಷ ಕಳೆದಿದ್ದಳು ಅತ್ತಿಗೆ. ಆ ಭಾನುವಾರ ಅವಳು ಸಿನಿಮಾಕ್ಕೆ ಹೋದದ್ದಲ್ಲ, ಸಾಕ್ಷಿಯನ್ನು ಕರೆದುಕೊಂಡು ಹೋದದ್ದು.

ಆಟೋ ನನ್ನ ಬಾಮೈದನದು. ಕೆ.ಆರ್. ನಗರದ ಹತ್ತಿರ ಮಿರ್ಲೆಯಲ್ಲಿ ಭತ್ತ ಬೆಳೆಯುವ ಇವನು ಬಂದ ಸಿನಿಮಾ ಒಂದನ್ನೂ ಬಿಡುವವನಲ್ಲ. ನೋಡಿದ ಒಂದನ್ನೂ ಬೈಯದೆ ಬಿಟ್ಟವನೂ ಅಲ್ಲ. "ಹಂಗಾದ್ರೆ ಯಾಕ್ಲಾ ಹೋಗ್ತೀಯ?" ಅಂದರೆ, "ನೋಡ್ದೆ ಬೈಯಕ್ಕಾಯ್ತದಾ ಬಾವ? ಪಾಪ ಬತ್ತದೆ," ಅನ್ನುತ್ತಾನೆ.

ಪಂಕ್ಚರ್ ಆಗಲಿಲ್ಲ. ಯಾರಿಗೂ ವಾಂತಿ ಆಗಲಿಲ್ಲ. ಸಿನಿಮಾ ಎತ್ತಿರಲಿಲ್ಲ. ಮ್ಯಾಟಿನಿಗೆ ಆಟ ನಿಲ್ಲಿಸಲಾಗದಷ್ಟು ಜನವೂ ಇದ್ದರು.

ಟಾಕೀಸಿನ ಬಗ್ಗೆ ಹೆಚ್ಚು ಬರೆಯಲು ಮನಸ್ಸು ಒಪ್ಪುವುದಿಲ್ಲ. ಮೆಟ್ಟಿಲ ಮೂಲೆಗಳಲ್ಲಿ ಗುಟ್ಕಾ ಉಗುಳಿ ಉಗುಳಿ ಗೋಡೆ ಕೆಂಪಗೆ ಕರೆಕಟ್ಟಿತ್ತು. ನನ್ನ ಸೀಟಿನ ಕೈಗೆ ಯಾರೋ ಅಂಟಿಸಿದ್ದ ಚೂಯಿಂಗ್ ಗಮ್ ಇನ್ನೂ ಮೆತ್ತಗಿತ್ತು. ನಾನು ಅದನ್ನು ಬೆರಳಲ್ಲಿ ಪತ್ತೆ ಮಾಡಿದೆ. ಒಳಗಿನ ಗಾಳಿ ಕರಿದ ಎಣ್ಣೆ, ಫಿನಾಯಿಲ್, ಉಚ್ಚೆ, ಮೂರನ್ನೂ ಸೇರಿಸಿ ನಾದಿದಂತಿತ್ತು. ವರ್ಷವೆಲ್ಲ ಹೊಗೆಸೊಪ್ಪಿನ ಘಾಟು ಕುಡಿದ ಮೂಗು ನನ್ನದು. ಅದೇ ಮುದುಡಿಕೊಂಡಿತು.

ಸಿನಿಮಾ ಅದಕ್ಕಿಂತ ಗಬ್ಬು. ಹೀರೋ ಪಟ್ಟಣದಿಂದ ಕಾಡಿಗೆ ಬರುತ್ತಾನೆ. ಕಾಡಿನಲ್ಲಿ ಮಸಿ ಬಳಿದುಕೊಂಡವರು ಕೋಲು ಹಿಡಿದು ಕುಣಿಯುತ್ತಿರುತ್ತಾರೆ. ಅವರಿಗೆ ಭಾಷೆ ಇಲ್ಲ, ಊಳು ಮಾತ್ರ. ಅವರ ಒಡೆಯನ ಕೊರಳಲ್ಲಿ ಮೂಳೆಯ ಸರ. ಹೀರೋ ಲೈಟರ್ ಹಚ್ಚಿದ್ದೇ ತಡ, ಎಲ್ಲರೂ ಬೆಂಕಿಯನ್ನೇ ಕಂಡಿಲ್ಲದವರ ಹಾಗೆ ನೆಲಕ್ಕೆ ಬಿದ್ದು ಕೈಮುಗಿದರು. ಟಾಕೀಸಿನಲ್ಲಿ ಶಿಳ್ಳೆ. ನನ್ನ ಪಕ್ಕದ ಪಕ್ಕದಲ್ಲಿ ನಾದಿನಿ ಕತ್ತು ಚಾಚಿ ಆ ಮಸಿ ಮುಖಗಳನ್ನು ಒಂದೊಂದಾಗಿ ಗುರುತು ಹಿಡಿಯುತ್ತಿದ್ದಳು. "ಅಗೋ, ನಮ್ ಚಿಗಪ್ಪ. ಅಯ್ಯೋ, ಬೋರ್ಲು ಬಿದ್ಕಂಡವ್ನಲ್ಲ! ಆವತ್ತು ಅವ್ನು ಬಿಚ್ಚಿಟ್ಟ ಪ್ಯಾಂಟ್ ಜೇಬಲ್ಲಿ ಎಲ್ಡು ಬೆಂಕಿಪಟ್ಣ ಇದ್ವು."

ಇಂಟರ್‌ವಲ್ಲಿನಲ್ಲಿ ಹೊರಗೆ ನಿಂತು ಟೀ ಕುಡಿದೆವು. ಟೀ ಕೂಡ ಕೆಟ್ಟದಾಗಿತ್ತು.

"ಎಂಗದೆ ಬಾವ?" ಅಂದ ಬಾಮೈದ.

"ಸಕ್ಕರೆ ಜಾಸ್ತಿ."

"ಸಿನ್ಮಾ ಕೇಳ್ದೆ."

"ಥೂ," ಅಂದಳು ನನ್ನ ಹೆಂಡತಿ ನನ್ನ ಬದಲಿಗೆ. "ಆ ಹೀರೋಯಿನ್ನು ಕಾಡಲ್ಲೇ ಹುಟ್ಟಿ ಬೆಳ್ದೋಳಂತೆ. ಕಾಲಿನ ಉಗುರಿಗೆ ಬಣ್ಣ ನೋಡಿದ್ಯಾ? ಮುಳ್ಳು ತುಳ್ದಿರೋ ಕಾಲೇನೋ ಅದು?"

"ಅದಿರ್ಲಿ ಅಕ್ಕ, ಹುಲಿ ನೋಡಿದ್ಯಾ? ಸ್ನಾನ ಮಾಡಿ ಪೌಡ್ರು ಆಕ್ಕೊಂಡು ಬಂದಂಗಿತ್ತು. ಅದ ಕಂಡು ಹೀರೋ ಎದೆ ಬಡ್ಕಂತಾನೆ. ಆ ಹುಲೀನ ನಮ್ಮೂರ ನಾಯಿನೇ ಅಟ್ಟಿಸ್ಕಂಡು ಓಗಿರೋದು."

ಅತ್ತಿಗೆ ಟೀ ಬೇಡವೆಂದು ಗೋಡೆಗೆ ಒರಗಿ ನಿಂತಿದ್ದಳು. "ನಿಂದಿನ್ನೂ ಬರ್ನಿಲ್ವಲ್ಲ ಅತ್ತಿಗೆ," ಅಂದಳು ನಾದಿನಿ. ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ನಾನು ಮಾತ್ರ ಕತ್ತರಿಸಿಯೇ ಬಿಟ್ಟಿದ್ದಾರೆ ಎಂದು ಖಾತ್ರಿ ಮಾಡಿಕೊಂಡು, ಅವಳಿಗೆ ಹೇಳಬೇಕಾದ ಸಮಾಧಾನದ ಮಾತನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಳ್ಳತೊಡಗಿದೆ.

ಕತ್ತರಿಸಿರಲಿಲ್ಲ. ಎರಡನೇ ಅರ್ಧ ಶುರುವಾದ ಸ್ವಲ್ಪ ಹೊತ್ತಿಗೆ ಸಂಜೆಯ ಬೆಳಕು, ಗುಡಿಸಲು, ಸುಸ್ತಾದ ಹೀರೋ. ಆಮೇಲೆ ಅತ್ತಿಗೆಯ ಮುಖ, ನಮ್ಮ ಬ್ಯಾರನ್ನಿನ ಗೋಡೆಯಷ್ಟು ಅಗಲ. ಹಣೆಯ ಹಚ್ಚೆ, ಮೂಗಿನ ಬೊಟ್ಟು, ಎಲ್ಲ ಅವಳದೇ. "ಬಂದ್ಲು, ಬಂದ್ಲು!" ಎಂದು ನಾದಿನಿ ಎದ್ದೇ ನಿಂತಳು. ಹಿಂದಿನವನು "ಕೂತ್ಕಮ್ಮೋ" ಎಂದು ಕೂಗಿದ. ಅತ್ತಿಗೆ ನನ್ನ ಹೆಂಡತಿಯ ಕೈ ಹಿಡಿದುಕೊಂಡಳು. ಪರದೆಯ ಮೇಲೆ ಚೊಂಬು ಮುಂದಕ್ಕೆ ಬಂತು. ಬಾಯಿ ತೆರೆಯಿತು.

"ಬ್ಯಾಡಾ ದೊರೇ! ಆ ಕಾಡ್ನಾಗೆ ರಗುತ ಕುಡಿಯೋ ದೆವ್ವ ಐತೇ!"

ಗೊಗ್ಗರು ದನಿ. ಗಂಟಲಲ್ಲಿ ಜಲ್ಲಿ ಹಾಕಿಕೊಂಡು ಹೆದರಿಸುವ ಯಾವಳೋ ಮುದುಕಿಯದೋ, ಮುದುಕಿಯ ಹಾಗೆ ನಟಿಸುವ ಹುಡುಗಿಯದೋ. ಹಿಂದೆಯೇ ಡಮರುಗ. ತುಟಿ ನೀರು ಕುಡಿ ಎನ್ನುತ್ತಿತ್ತು, ದನಿ ರಕ್ತ ಎನ್ನುತ್ತಿತ್ತು. ಹೀರೋ ದೆವ್ವದ ಸುದ್ದಿ ಕೇಳಿ ಹಲ್ಲುಕಿರಿದು, ಚೊಂಬು ಎತ್ತಿ ಗಟಗಟ ನೀರು ಕುಡಿದು ಹೋದ. ಟಾಕೀಸಿನಲ್ಲಿ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ.

ವಾಪಸ್ ಬರುವಾಗ ಬಾಮೈದ ತಿಳಿಸಿ ಹೇಳಿದ. ಬೆಂಗಳೂರಿನಲ್ಲಿ ರೂಮಿನ ಬಾಗಿಲು ಹಾಕಿಕೊಂಡು ಬೇರೆಯವರು ಮಾತಾಡಿ, ಇವರ ಬಾಯಿಗೆ ಅಂಟಿಸುತ್ತಾರೆ, ಎಲ್ಲ ಸಿನಿಮಾದಲ್ಲೂ ಹೀಗೇ ಎಂದ. ನಾದಿನಿ ಗಮನವಿಟ್ಟು ಕೇಳಿದಳು. "ಅಂಗಾರೆ ಅತ್ತಿಗೆ ಆಡಿದ್ ಮಾತು ಎಲ್ಲೋಯ್ತಣ್ಣ?" ಅಂದಳು. ಅವನು ಖಾಲಿ ರಸ್ತೆಗೆ ಹಾರ್ನ್ ಹೊಡೆದ.

ಸೋಮವಾರ ಶೆಡ್ಡಿನಲ್ಲಿ ಗ್ರೇಡು ಮಾಡಲು ಕೂತೆವು. "ಪುಡಿ," ಅಂದಳು ನನ್ನ ಹೆಂಡತಿ, ಎಲೆಯ ಕಡೆ ನೋಡದೆ. "ಪುಡೀನಾದ್ರೂ ಯಾರೋ ಕೊಂಡ್ಕತಾರೆ. ಇದು ಗುಡ್ಸಿ ತಿಪ್ಪೆಗಾಕೋದು." ಬೈಯುವ ಆಸೆಗೆ ಊರಿಗೆ ಹೋಗದೆ ಉಳಿದಿದ್ದ ಬಾಮೈದ, ತಿಪ್ಪೆಗೆ ಹಾಕಿದರೆ ತಿಪ್ಪೆಯೂ ಕೆಡುತ್ತದೆ ಎಂದ. ನಾನು ಎಲ್ಲರನ್ನೂ ನಗಿಸಿ ಮಾತು ತೇಲಿಸೋಣವೆಂದು, "ಆದ್ರೂ ಮುಖ ಎಷ್ಟು ದೊಡ್ಡದಾಗಿ ಬಂತು ನೋಡು, ಹೀರೋಯಿನ್ನಿಗೂ ಅಷ್ಟು ದೊಡ್ಡದು ಹಾಕಿಲ್ಲ," ಅಂದೆ. ಅತ್ತಿಗೆ ಎಲೆ ಆರಿಸುತ್ತಲೇ ಇದ್ದಳು. "ಆ ಟೋಪಿಯೋನು ಕೇಳಿದ್ಕೇ ಅಂದೆ ಕಣಣ್ಣ. ಬ್ಯಾಡ ಅಂದಿದ್ರೆ ಬಾಯಿ ಮುಚ್ಕಂಡಿರ್ತಿದ್ದೆ," ಅಂದಳು.

ಅಷ್ಟರಲ್ಲಿ ನಾದಿನಿಯ ಫೋನು ಬಡಿದುಕೊಂಡಿತು. ಕೈಗೆಲ್ಲ ಸೊಪ್ಪಿನ ಅಂಟು ಇದ್ದುದರಿಂದ ಅವಳು ಫೋನನ್ನು ನೆಲದ ಮೇಲೇ ಇಟ್ಟು ಸ್ಪೀಕರ್ ಹಾಕಿದಳು. ಹಾಡಿಯಿಂದ ಅವಳ ತಾಯಿ.

"ನೋಡ್ದೇನೆ ಮಗಾ?"

"ನೋಡ್ದೆ ಕಣವ್ವ. ಅತ್ತಿಗೆ ಮೊಕ ಬಂತು. ಇಷ್ಟಗ್ಲ ಬಂತು."

"ಮೊಕ ಬುಡು. ಮಾತಾಡವ್ಳಾ?"

ನಾದಿನಿ ಅತ್ತಿಗೆಯ ಕಡೆ ನೋಡಿದಳು. ನಾನು ಕೈಸನ್ನೆ ಮಾಡಿದೆ, ಹೂಂ ಅನ್ನು ಎಂದು. ನನ್ನ ಹೆಂಡತಿಯೂ ಕಣ್ಣಲ್ಲಿ ಅದನ್ನೇ ಹೇಳಿದಳು. ಅತ್ತಿಗೆ ಮಾತ್ರ ಇನ್ನೊಂದು ಎಲೆ ಎತ್ತಿ ಬೆಳಕಿಗೆ ಹಿಡಿದಳು.

"ಬಾಯಿ ಆಡ್ಸವ್ಳೆ," ಅಂದಳು ನಾದಿನಿ, ನಿಧಾನವಾಗಿ. "ಮಾತು ಬೇರೆಯೋರ್ದು ಕಣವ್ವ. ಬೆಂಗ್ಳೂರೋರು ಆಕವ್ರಂತೆ."

"ನಾನು ಅವತ್ತೇ ಯೋಳ್ನಿಲ್ವಾ," ಎಂದಿತು ನೆಲದ ಮೇಲಿನ ಫೋನು, ಜಯಿಸಿದ ದನಿಯಲ್ಲಿ. ಆಮೇಲೆ ಕೋಳಿ, ಸೌದೆ, ಬೇಗೂರಿನ ಬಸ್ಸು ಎಂದು ಬೇರೆ ಮಾತಿಗೆ ಹೋಯಿತು.

ನಾನು ಹಲ್ಲುಜ್ಜುತ್ತಾ ಎಣಿಸಿದ್ದರಲ್ಲಿ ಒಂದೂ ನಡೆಯಲಿಲ್ಲ; ಇಡೀ ಭಾನುವಾರದಲ್ಲಿ ಕೈಕೊಟ್ಟದ್ದು ನಾನು ಎಣಿಸದೇ ಇದ್ದ ಆ ಮಾತೊಂದೇ, ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತಿನದು.