ಗಂಗಕ್ಕನ ನೀರಿನ ಕಾಯಿ

ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಾಗ ಗಂಗಕ್ಕನ ಬಾಯಿ ಓರೆಯಾಗುತ್ತಿತ್ತು, ಒಂದು ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಗುಳುಗುಳು ಅಂದರೆ ಒಳಗಿನ್ನೂ ನೀರಿದೆ, ಮತ್ತೆ ಅಟ್ಟಕ್ಕೆ. ಲೊಟಲೊಟ ಅಂದರೆ ಒಣಗಿ ಕೊಬ್ಬರಿಯಾಗಿದೆ, ಒಡೆಯಬಹುದು. ನಮ್ಮ ತಿಪಟೂರು ಸೀಮೆಯಲ್ಲಿ ಈ ವಿದ್ಯೆ ಬಲ್ಲವರು ಬೇಕಾದಷ್ಟು ಜನ. ಅದನ್ನು ನನ್ನ ಮೇಲೆ ಪ್ರಯೋಗಿಸಿದವಳು ಮಾತ್ರ ನಮ್ಮ ಮನೆಗೆ ಕೊಬ್ಬರಿ ಒಡೆಯಲು ಬರುತ್ತಿದ್ದ ಈ ಗಂಗಕ್ಕ.

ನನಗಾಗ ಎಂಟು ವರ್ಷ. ತುಮಕೂರಿನ ಡಾಕ್ಟರು ಎಡಿಎಚ್‌ಡಿ ಎಂದಿದ್ದರು. ಸಿಟ್ಟು, ಅಳು, ಖುಷಿ ಎಲ್ಲ ಇವಳಿಗೆ ಒಮ್ಮೆಗೇ ನುಗ್ಗುತ್ತವೆ, ತಡೆಯುವುದನ್ನು ನಿಧಾನವಾಗಿ ಕಲಿಯಬೇಕು ಎಂದು ಬಿಡಿಸಿ ಹೇಳಿದ್ದರು. ಊರಿನವರು ಅಷ್ಟು ಕಷ್ಟಪಡಲಿಲ್ಲ, “ಮುದ್ದು ಜಾಸ್ತಿಯಾಗೈತೆ” ಎಂದು ಮುಗಿಸಿದರು. ಪೆನ್ಸಿಲ್ ಮುರಿದರೆ ಬೆಂಚು ಒದೆಯುತ್ತಿದ್ದೆ, ಆಮೇಲೆ ಒದ್ದದ್ದಕ್ಕೆ ಅಳುತ್ತಿದ್ದೆ. “ಸಮಾಧಾನ, ಸಮಾಧಾನ” ಎಂದವರನ್ನು ಕಂಡರಂತೂ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ, ದಯವಿಟ್ಟು ಯಾರೂ ಹಾಗನ್ನಬೇಡಿ.

ಗಂಗಕ್ಕ ಅನ್ನುತ್ತಿರಲಿಲ್ಲ. ನಾನು ಕಿರುಚಿದರೆ ಒಂದು ಕಾಯಿ ಕೈಗಿಡುತ್ತಿದ್ದಳು.

“ಅಲ್ಲಾಡ್ಸು. ನೀರೈತಾ?”

“ಐತೆ!”

“ಹಂಗಾರೆ ಈಗ ಒಡೆಯಾದು ಬ್ಯಾಡ. ಕೂತ್ಕೊ.”

ಕೂತು ಅಲ್ಲಾಡಿಸುತ್ತಿದ್ದೆ, ಹತ್ತು ಸಲವೋ ನೂರು ಸಲವೋ. ಎಷ್ಟೋ ದಿನ ಸಿಟ್ಟು ಇಳಿಯುತ್ತಿತ್ತು, ಕೆಲವು ದಿನ ಇಳಿಯುತ್ತಿರಲಿಲ್ಲ. ಇಷ್ಟು ಹೇಳಿಕೊಡುವ ಮಹಾತಾಯಿ ತಾನು ಮಾತ್ರ, ಸೆರಗು ಕಚ್ಚಿತೆಂದು ಮೇಕೆಯೊಂದಿಗೆ ಎರಡು ದಿನ ಮಾತು ಬಿಟ್ಟಿದ್ದಳು!

ಇನ್ನೊಂದು ಸಲ ಗಲಾಟೆಯಾದರೆ ಟಿ.ಸಿ. ಕೊಟ್ಟು ಕಳಿಸುತ್ತೇವೆ ಎಂದು ಸ್ಕೂಲಿನಲ್ಲಿ ಅಮ್ಮನಿಗೆ ಹೇಳಿದರು. ನಾನು ಭಯಬಿದ್ದು ಬ್ಯಾಗಿನಲ್ಲಿ ಒಂದು ಕಾಯಿ ಇಟ್ಟುಕೊಂಡು ಹೋದೆ. ಯಾರ ತಲೆಗೋ ಎಸೆಯಲು ತಂದಿದ್ದಾಳೆ ಎಂದು ಹೆಡ್‌ಮಿಸ್ಸು ಅದನ್ನು ಕಿತ್ತುಕೊಂಡರು. ಸ್ಕೂಲು ಹಾರಿಹೋಗುವ ಹಾಗೆ ಕಿರುಚಿದೆ. ಅಮ್ಮನಿಗೆ ಫೋನು ಹೋಯಿತು. ಅಮ್ಮನ ಹಿಂದೆಯೇ, ತಲೆತುಂಬ ನಾರಿನ ಧೂಳು ಹೊತ್ತು ಗಂಗಕ್ಕನೂ ಬಂದಳು.

“ಅದು ಎಸೆಯಾಕಲ್ಲ, ಕೇಳಾಕೆ ಕಣ್ರೀ. ಮಗೀಗೆ ಕೊಡಿ.”

“ಇದೇನು ಸ್ಕೂಲಾ, ಕಾಯಿ ಮಂಡಿಯಾ?” ಎಂದರು ಹೆಡ್‌ಮಿಸ್ಸು.

ತಗೋ! ಗಂಗಕ್ಕ ಸೆರಗು ಸಿಕ್ಕಿಸಿಕೊಂಡು ಮೇಜು ಗುದ್ದಿದಳು. ಅಮ್ಮ ಮುಖ ಮುಚ್ಚಿಕೊಂಡಳು. ಮುಗೀತು, ಟಿ.ಸಿ. ಕೈಗೆ ಬಂತು ಎಂದುಕೊಂಡೆ. ಬಿಕ್ಕುತ್ತಲೇ ಮೇಜಿನ ಮೇಲಿದ್ದ ಕಾಯಿ ತೆಗೆದು ಗಂಗಕ್ಕನ ಕೈಗಿಟ್ಟೆ.

“ಅಲ್ಲಾಡ್ಸು ಗಂಗಕ್ಕ. ನೀರೈತಾ?”

ಅವಳು ಅಲ್ಲಾಡಿಸಿದಳು. ಬಾಯಿ ಓರೆಯಾಯಿತು, ಕಣ್ಣು ಮುಚ್ಚಿತು.

“ಐತೆ ಕಣೇ,” ಎಂದು ಮೆಲ್ಲಗೆ ಹೇಳಿ ನೆಲದ ಮೇಲೆ ಕೂತುಬಿಟ್ಟಳು.

ಹೆಡ್‌ಮಿಸ್ಸು ಅಷ್ಟರಲ್ಲಾಗಲೇ ತೆಗೆದಿಟ್ಟಿದ್ದ ಟಿ.ಸಿ. ಪುಸ್ತಕ ಮುಚ್ಚಿದರು. ಅದು ಮತ್ತೆ ಡ್ರಾಯರಿಗೆ ಹೋಯಿತು. ಕಾಯಿ ಅವರ ಮೇಜಿನ ಮೇಲೆಯೇ ಉಳಿಯಿತು, ನಾನು ಬೇಕೆಂದಾಗ ಓಡಿಬಂದು ಅಲ್ಲಾಡಿಸಲು. ಒಂದೆರಡು ಸಲ ಹೆಡ್‌ಮಿಸ್ಸೇ ಅಲ್ಲಾಡಿಸುತ್ತಿದ್ದದ್ದನ್ನೂ ಕಂಡಿದ್ದೇನೆ.

ಹೋದ ವರ್ಷ ಗಂಗಕ್ಕ ತೀರಿಕೊಂಡಳು. ಅದಕ್ಕೂ ಎರಡು ತಿಂಗಳ ಮುಂಚೆ ನೋಡಲು ಹೋಗಿದ್ದೆ. ಕಿವಿ ಮುಕ್ಕಾಲು ಹೋಗಿತ್ತು, ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ನಾನು ಬಸ್ಸಿಗೆ ಹೊತ್ತಾಯಿತೆಂದು ಏಳುವಾಗ ಮಂಚದ ಕೆಳಗಿನಿಂದ ಒಂದು ಕಾಯಿ ಉರುಳಿಸಿದಳು.

“ನೀನೇ ಕೇಳಿ ಹೇಳೇ. ನೀರೈತಾ?”

ಅಲ್ಲಾಡಿಸಿದೆ. ಲೊಟಲೊಟ ಅಂದಿತು, ಹನಿ ನೀರಿರಲಿಲ್ಲ.

“ಐತೆ!” ಎಂದು ಅವಳ ಕಿವಿಯಲ್ಲಿ ಕೂಗಿದೆ.

“ಹಂಗಾರೆ ಕೂತ್ಕೊ,” ಎಂದಳು.

ಕೂತೆ. ಬಸ್ಸು ಹೋಯಿತು.