ಕಿಂದೆಗಳಿಗೆ ಇಟ್ಟ ಬೆಲ್ಲದ ನೀರು

ಸೋಯ್ಲಾಳ ಅಂಗಳಕ್ಕೆ ಯಾರೇ ಬರಲಿ, ಮೊದಲು ಒಂದು ಲೋಟ ಬಿಸಿ ಬೆಲ್ಲದ ನೀರು ಕುಡಿಯಬೇಕು. ಆಂಡಿಸ್‌ನ ಮಂಜು ಕವಿದ ಇಳಿಜಾರಿನ ಮಿಂಡೋ ಊರಿನಲ್ಲಿ ಅದು ಮರ್ಯಾದೆ. ಅಂಗಡಿಯ ಸಕ್ಕರೆ ಕದಡಿ ಕೊಟ್ಟರೆ, ಬಂದವರು ಬೇಗ ಎದ್ದುಹೋಗಲಿ ಎಂದಂತೆ. ಸೋಯ್ಲಾಳ ಬೆಲ್ಲವಂತೂ ಅವಳೇ ಕಬ್ಬು ಅರೆದು, ಕೊಪ್ಪರಿಗೆಯ ಮುಂದೆ ನಿಂತು ಕಾಯಿಸಿದ್ದು.

ಮೊಣಕಾಲು ಸೋತು ಗಾಣ ಬಿಟ್ಟ ಮೇಲೆ ಅವಳ ದಿನವೆಲ್ಲ ಕಿಂದೆಗಳ ಜೊತೆ ಕಳೆಯುತ್ತಿತ್ತು. ಹೆಬ್ಬೆರಳಿನಷ್ಟಿರುವ ಈ ಹಕ್ಕಿಗಳು ಗಾಳಿಯಲ್ಲಿ ನಿಂತೇ ಹೂವಿನ ಜೇನು ಹೀರುತ್ತವೆ. ಹತ್ತು ನಿಮಿಷಕ್ಕೊಮ್ಮೆ ಹಸಿಯುತ್ತವೆ. ನುಸಿಯೂ ಬೇಕು ಅವಕ್ಕೆ. ಅದಕ್ಕೆಂದೇ ಸೋಯ್ಲಾ ಬಾಳೆಸಿಪ್ಪೆಗಳನ್ನು ಬೇಲಿಯ ಮೇಲೆ ಕೊಳೆಯಲು ಬಿಡುತ್ತಿದ್ದಳು. ಕಾಲಿನ ಸುತ್ತ ಬಿಳಿ ತುಪ್ಪುಳಿದ್ದ ಒಂದಕ್ಕೆ ಹತ್ತಿಕಾಲ ಎಂದು ಹೆಸರಿಟ್ಟಿದ್ದಳು. ಕೆಂಪು ಹೂವಿನ ಗಿಡವೊಂದು ಪೂರ್ತಿ ತನ್ನದೇ ಎಂದುಕೊಂಡು ಅದು ಬೇರೆಯವನ್ನು ಅಟ್ಟುತ್ತಿತ್ತು.

ಆಗಸ್ಟ್‌ನ ಬಿಸಿಲಿಗೆ ಹೂ ಕಡಿಮೆಯಾದಾಗ ಅವಳು ಗಿಡಕ್ಕೆ ಸೀಸೆ ಕಟ್ಟಿ ಬೆಲ್ಲದ ನೀರು ತುಂಬಿದಳು. ನೆಂಟರಿಗೆ ಕೊಡುವುದನ್ನೇ ಕೊಟ್ಟಳು.

ಅವಳ ಮಗಳ ದೀಕ್ಷಾಸ್ನಾನದಲ್ಲಿ ಧರ್ಮತಂದೆಯಾಗಿ ನಿಂತಿದ್ದ ಅಬ್ದೋನ್, ಹಕ್ಕಿ ನೋಡಲು ಬರುವವರಿಗೆ ಕಾಡು ತೋರಿಸುವವನು, ಆ ಕಂದು ನೀರನ್ನು ಕಂಡು ನಿಂತ. ಮಗುವಿನ ಧರ್ಮತಂದೆ ತಾಯಿಯನ್ನು ಕರೆಯುವುದು ಕೊಮಾದ್ರೆ ಎಂದೇ.

"ಕೊಮಾದ್ರೆ, ಇದನ್ನ ಇಳಿಸಿಬಿಡಿ. ಬೆಲ್ಲ ಅವಕ್ಕೆ ಆಗಲ್ಲ. ನೀರು ಹುಳಿ ಬಂದು ನಾಲಿಗೆಗೆ ಬೂಷ್ಟು ಹಿಡಿಯುತ್ತೆ. ಬಿಳಿ ಸಕ್ಕರೆ ಹಾಕಿ."

"ನಿಮ್ಮ ಹೊಟ್ಟೆ ಅಷ್ಟು ಮುಂದಕ್ಕೆ ಬಂದಿರೋದು ನನ್ನ ಬೆಲ್ಲದಿಂದ. ನಾಲಿಗೆನೂ ಚೆನ್ನಾಗೇ ಆಡ್ತಿದೆಯಲ್ಲ."

ಅವನು ನಕ್ಕು ಹೋದ. ಅವಳಿಗೆ ನಗು ಬರಲಿಲ್ಲ. ಸೀಸೆಯನ್ನೂ ಇಳಿಸಲಿಲ್ಲ.

ಎಂಟನೆಯ ದಿನ ಹತ್ತಿಕಾಲ ಕೊಂಬೆಯ ಮೇಲೆ ಗರಿ ಉಬ್ಬಿಸಿ ಕೂತಿತ್ತು. ಊದಿದ ನಾಲಿಗೆ ದಾರದ ತುದಿಯಂತೆ ಕೊಕ್ಕಿನಿಂದ ಹೊರಗೆ ಚಾಚಿತ್ತು. ಸೀಸೆಗೆ ಬಂದ ಬೇರೆ ಹಕ್ಕಿಯನ್ನು ಅದು ಅಟ್ಟಲೂ ಇಲ್ಲ. ಸೋಯ್ಲಾ ಸೀಸೆ ಬಿಚ್ಚಿ ಮೂಸಿದಳು. ಹುಳಿ.

ಅವಳು ಮೊಣಕಾಲನ್ನು ಬೈಯುತ್ತ ಅಂಗಡಿಗೆ ಇಳಿದಳು. ಸೋಯ್ಲಾ ಅಮ್ಮನೇ ಸಕ್ಕರೆ ಕೇಳುವುದೆಂದರೆ ಯಾರೋ ಬೇಡದ ನೆಂಟರು ಬಂದಿರಬೇಕು ಎಂದು ಅಂಗಡಿಯವಳು ಚುಚ್ಚಿದಳು. ಸೋಯ್ಲಾ ದುಡ್ಡು ಎಣಿಸಿಟ್ಟಳು. ಮನೆಗೆ ಬಂದು ಸೀಸೆಯನ್ನು ಕುದಿಯುವ ನೀರಿನಲ್ಲಿ ತೊಳೆದಳು. ಒಂದು ಲೋಟ ಸಕ್ಕರೆಗೆ ನಾಲ್ಕು ಲೋಟ ನೀರು ಬೆರೆಸಿ, ರುಚಿ ನೋಡಿ ಮುಖ ಸಿಂಡರಿಸಿದಳು. ಚಮಚದಲ್ಲಿ ತುಂಬಿಸಿ ಕೊಂಬೆಯ ಹತ್ತಿರ ಹಿಡಿದಳು.

"ಗೊತ್ತಿರಲಿಲ್ಲ ಕಣೋ," ಎಂದಳು ಮೆಲ್ಲಗೆ. "ಒಳ್ಳೇದು ಅಂತಲೇ ಕೊಟ್ಟೆ."

ಆ ದಿನ ಕೊಕ್ಕಿನೊಳಗೆ ಒಂದೆರಡು ಹನಿ ಮಾತ್ರ ಇಳಿದವು. ಮರುದಿನವೂ ಅಷ್ಟೇ. ನಡುವೆ ಬಂದ ಅಬ್ದೋನ್ ಅವಳ ಬೆನ್ನ ಹಿಂದೆ ಒಂದು ಮಣೆ ಇಟ್ಟುಹೋದ.

ಮೂರನೆಯ ಬೆಳಿಗ್ಗೆ ಚಮಚದ ನೀರು ಸಣ್ಣಗೆ ನಡುಗಿತು. ನಾಲಿಗೆ ಒಳಗೆ ಹೋಯಿತು, ಮತ್ತೆ ಹೊರಬಂತು, ಮತ್ತೆ ಒಳಗೆ. ಮೊಣಕಾಲು ಉರಿಯುತ್ತಿದ್ದರೂ ಸೋಯ್ಲಾ ಮಣೆಯ ಮೇಲೆ ಕೂರಲಿಲ್ಲ. ಚಮಚ ಬರಿದಾಗುವವರೆಗೂ ಹಾಗೆಯೇ ನಿಂತಿದ್ದಳು.